ಚೆಕ್ಕುಬಂದಿಯ ನೆರೆಯವರು

ಮನೆಯ ಕ್ರಯಪತ್ರವನ್ನು ಕೊನೆಯ ಪುಟದವರೆಗೆ ಓದುವವರು ಕಡಿಮೆ. ಮಾರುವವರ ಹೆಸರು, ಕೊಳ್ಳುವವರ ಹೆಸರು, ಹಣದ ಮೊತ್ತ ಇವಿಷ್ಟನ್ನು ನೋಡಿ ನಾವು ಸಹಿ ಹಾಕುತ್ತೇವೆ. ಕೊನೆಯ ಪುಟದಲ್ಲಿ ಷೆಡ್ಯೂಲು ಇರುತ್ತದೆ, ಅದರೊಳಗೆ ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಖಾಲಿ ಜಾಗ, ದಕ್ಷಿಣಕ್ಕೆ ಓಣಿ. ಬಯಲುಸೀಮೆಯ ಹೊಲವಿರಲಿ, ಬೆಂಗಳೂರಿನ ಪೇಟೆಯ ಇಪ್ಪತ್ತು ಅಡಿ ಅಗಲದ ಮನೆಯಿರಲಿ, ನಾಲ್ಕು ದಿಕ್ಕು ಹೇಳದೆ ಪತ್ರ ಪೂರ್ತಿಯಾಗುವುದಿಲ್ಲ. ನೆರೆಯವರನ್ನು ಬಿಟ್ಟು ನಮ್ಮ ಮನೆ ಎಲ್ಲಿದೆ ಎಂದು ಹೇಳಲು ಸರ್ಕಾರಕ್ಕೂ ಬರುವುದಿಲ್ಲ. ಆದರೆ ಆ ನೆರೆಯವರಿಗೆ ಈ ವ್ಯವಹಾರದಲ್ಲಿ ಯಾವ ಪಾತ್ರವೂ ಇಲ್ಲ. ಅವರನ್ನು ಕೇಳುವವರಿಲ್ಲ, ಅವರಿಗೆ ಹೇಳುವವರೂ ಇಲ್ಲ. ಒಂದು ಬೆಳಿಗ್ಗೆ ಗೋಡೆಯ ಆಚೆ ಸುತ್ತಿಗೆ ಸದ್ದು ಕೇಳಿದಾಗಲೇ ಅವರಿಗೆ ವಿಷಯ ತಿಳಿಯುವುದು.

ಯಾವಾಗಲೂ ಹೀಗಿರಲಿಲ್ಲ. ಮನೆ ಮಾರುವವನು ಮೊದಲು ನೆರೆಯವನಿಗೆ ತಿಳಿಸಬೇಕು, ಕೊಳ್ಳುವ ಮೊದಲ ಅವಕಾಶ ಅವನದು ಎಂಬ ನಿಯಮ ನಮ್ಮ ದೇಶದಲ್ಲಿ ಬಹಳ ಕಾಲ ಇತ್ತು. ಅದು ಹೇಗೆ ಬಂತು, ಹೇಗೆ ಹೋಯಿತು, ಹೋದ ಮೇಲೆ ಅದರ ಜಾಗಕ್ಕೆ ಏನು ಬಂದು ಕೂತಿತು ಎಂಬುದು ನಗರದ ನಡುವಿನ ಸಣ್ಣ ಮೊಹಲ್ಲಾಗಳಲ್ಲಿ ಬದುಕುವ ಎಲ್ಲರೂ ತಿಳಿಯಬೇಕಾದ ಚರಿತ್ರೆ.

ಈ ಚರಿತ್ರೆಯ ಒಂದು ಹಳೆಯ ದಾಖಲೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ಮನೆ, ಹೊಲ, ತೋಟಗಳ ಮಾರಾಟದ ನಿಯಮಗಳಿವೆ. ಕೊಳ್ಳುವ ಹಕ್ಕು ಮೊದಲು ದಾಯಾದಿಗಳಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ. ಇವರಾರೂ ಬೇಡವೆಂದರೆ ಮಾತ್ರ ಹೊರಗಿನವರಿಗೆ. ಅದಕ್ಕೂ ಮೊದಲು ನೆರೆಯ ನಲವತ್ತು ಕುಟುಂಬಗಳವರ ಎದುರಿನಲ್ಲಿ, ಮನೆಯ ಮುಂದೆಯೇ ನಿಂತು, ಎಲ್ಲೆಯನ್ನೂ ಬೆಲೆಯನ್ನೂ ಮೂರು ಸಲ ಸಾರಬೇಕು.

ಈ ನಲವತ್ತು ಎಂಬ ಸಂಖ್ಯೆಯನ್ನು ಮುಸ್ಲಿಮ್ ಓದುಗರು ಬೇರೆ ಕಡೆಯೂ ಕೇಳಿರುತ್ತಾರೆ. ನೆರೆಯವನು ಎಂದರೆ ಎಲ್ಲಿಯವರೆಗೆ ಎಂದು ಕೇಳಿದಾಗ ಬಸ್ರಾದ ಹಸನ್ ಬಸರಿಯವರು, ಮುಂದೆ ನಲವತ್ತು ಮನೆ, ಹಿಂದೆ ನಲವತ್ತು, ಬಲಕ್ಕೆ ನಲವತ್ತು, ಎಡಕ್ಕೆ ನಲವತ್ತು ಎಂದು ಲೆಕ್ಕ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿತ್ತೆಂದು ನಾವು ಹೇಳುತ್ತಿಲ್ಲ. ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವ ಜನ ಎಲ್ಲೇ ಇರಲಿ, ಅವರ ಅನುಭವ ಒಂದೇ ರೀತಿಯದು. ಫಾರಸಿಯಿಂದ ಉರ್ದುವಿಗೆ ಬಂದ ‘ಹಮ್‌ಸಾಯಾ’ ಎಂಬ ಮಾತಿಗೆ ನೆರೆಯವನೆಂದು ಅರ್ಥ. ಬಿಡಿಸಿ ಹೇಳಿದರೆ ಒಂದೇ ನೆರಳಲ್ಲಿ ಇರುವವನು.

ಇಸ್ಲಾಮೀ ನ್ಯಾಯಶಾಸ್ತ್ರ ಈ ಅನುಭವಕ್ಕೆ ಒಂದು ಕಾನೂನಿನ ರೂಪ ಕೊಟ್ಟಿತು. ಅದರ ಹೆಸರು ‘ಶುಫಾ’. ಮೂಲ ಅರಬ್ಬಿ ಧಾತುವಿಗೆ ಜೋಡಿಸುವುದು ಎಂಬ ಅರ್ಥವಿದೆ. ಪಕ್ಕದ ಆಸ್ತಿಯನ್ನು ನನ್ನದಕ್ಕೆ ಜೋಡಿಸಿಕೊಳ್ಳುವ ಹಕ್ಕು ಎಂದು ತಿಳಿಯಬಹುದು. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫೀ ಪಂಥದ ಪ್ರಕಾರ ಇದರಲ್ಲಿ ಮೂರು ದರ್ಜೆ. ಮೊದಲನೆಯವನು ಅದೇ ಆಸ್ತಿಯಲ್ಲಿ ಪಾಲಿರುವವನು. ಎರಡನೆಯವನು ದಾರಿಯನ್ನೋ ನೀರನ್ನೋ ಜೊತೆಯಾಗಿ ಬಳಸುವವನು. ಮೂರನೆಯವನು ಗೋಡೆ ತಾಗಿಕೊಂಡಿರುವ ನೆರೆಯವನು. ಶಾಫಿಈ, ಮಾಲಿಕೀ, ಹಂಬಲೀ ಪಂಥಗಳು ಪಾಲುದಾರನಿಗೆ ಮಾತ್ರ ಈ ಹಕ್ಕು ಕೊಟ್ಟವು.

ಹಕ್ಕಿತ್ತು ಎಂದ ಮಾತ್ರಕ್ಕೆ ಅದು ಪುಕ್ಕಟೆಯಲ್ಲ. ಹೊರಗಿನವನು ಎಷ್ಟು ಕೊಡಲು ಒಪ್ಪಿದ್ದನೋ ಅಷ್ಟನ್ನೂ ಕೊಟ್ಟೇ ಕೊಳ್ಳಬೇಕು, ಒಂದು ಕಾಸೂ ಕಡಿಮೆಯಿಲ್ಲ. ಮಾರಾಟದ ಸುದ್ದಿ ಕಿವಿಗೆ ಬಿದ್ದ ಕ್ಷಣವೇ ‘ಈ ಹಕ್ಕು ನನ್ನದು’ ಎಂದು ಹೇಳಬೇಕು. ಆಮೇಲೆ ತಡಮಾಡದೆ ಸಾಕ್ಷಿಗಳ ಮುಂದೆ ಮತ್ತೊಮ್ಮೆ ಹೇಳಬೇಕು. ನಾಳೆ ನೋಡೋಣ ಎಂದವನಿಗೆ ಶುಫಾ ಇಲ್ಲ. ದಾನಕ್ಕೂ ವಾರಸಿಕೆಗೂ ಇದು ಅನ್ವಯಿಸದು, ಮಾರಾಟಕ್ಕೆ ಮಾತ್ರ. ಇಷ್ಟಿದ್ದ ಮೇಲೆ ತಪ್ಪಿಸಿಕೊಳ್ಳುವ ಉಪಾಯಗಳೂ ಹುಟ್ಟಿದವು. ನೆರೆಯವನ ಗೋಡೆಯ ಉದ್ದಕ್ಕೂ ಒಂದು ಮೊಳ ಅಗಲದ ಪಟ್ಟಿಯನ್ನು ತಾನೇ ಇಟ್ಟುಕೊಂಡು ಉಳಿದದ್ದನ್ನು ಮಾರಿದರೆ, ಮಾರಿದ ಜಾಗ ನೆರೆಯವನಿಗೆ ತಾಗುವುದೇ ಇಲ್ಲ! ಈ ಉಪಾಯವನ್ನು 12ನೇ ಶತಮಾನದ ‘ಹಿದಾಯಾ’ ಗ್ರಂಥ ಚರ್ಚಿಸುತ್ತದೆ. ಕತೆ ಬರೆಯುವ ನಮಗೆ ಕಾನೂನಿನ ಪುಸ್ತಕಗಳಲ್ಲಿ ಇಷ್ಟವಾಗುವುದೇ ಇಂಥ ಜಾಗಗಳು. ಮನುಷ್ಯ ಯಾವ ಕಾಲದಲ್ಲೂ ಮನುಷ್ಯನೇ.

ಅದೇ ಹಿದಾಯಾದಲ್ಲಿ ಇನ್ನೊಂದು ಮಾತಿದೆ. ಶುಫಾದ ವಿಷಯದಲ್ಲಿ ಮುಸ್ಲಿಮನೂ ಮುಸ್ಲಿಮೇತರ ಪ್ರಜೆಯೂ ಸಮಾನರು. ನೆರೆಯವನು ಕ್ರೈಸ್ತನೋ ಯಹೂದಿಯೋ ಆಗಿದ್ದರೂ ಮಾರುವ ಮುಸ್ಲಿಮನು ಅವನ ಹಕ್ಕನ್ನು ಒಪ್ಪಬೇಕು. ಹಂಬಲೀ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಆದರೆ ಹನಫೀಗಳ ತರ್ಕ ಸ್ಪಷ್ಟವಾಗಿತ್ತು. ಹೊಸಬನಿಂದ ಆಗಬಹುದಾದ ತೊಂದರೆಯನ್ನು ತಡೆಯುವುದಕ್ಕೆ ಈ ಹಕ್ಕು. ತೊಂದರೆ ಎಲ್ಲರಿಗೂ ಒಂದೇ. ಹಕ್ಕು ಧರ್ಮದ್ದಲ್ಲ, ಗೋಡೆಯದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಇಂಥ ನಿಯಮ ಏಕೆ ಬೇಕಾಯಿತು ಎಂದು ತಿಳಿಯಲು ಹಳೆಯ ನಗರಗಳ ಕಟ್ಟಡವನ್ನು ನೋಡಿದರೆ ಸಾಕು. ಅಹಮದಾಬಾದಿನ ‘ಪೋಳ್’ಗಳಿಗೆ ಒಂದೇ ಬಾಗಿಲು, ಒಳಗೆ ಹತ್ತಾರು ಮನೆ. ಅಲ್ಲಿ ಹಿಂದೆ ಪೋಳಿನ ಜನಕ್ಕೆ ಮೊದಲು ತಿಳಿಸದೆ ಹೊರಗಿನವರಿಗೆ ಮನೆ ಮಾರುವಂತಿರಲಿಲ್ಲ, ಒತ್ತೆ ಇಡುವಂತೆಯೂ ಇರಲಿಲ್ಲ. ನಮ್ಮ ಬೆಂಗಳೂರಿನ ಪೇಟೆಯೂ ಅದೇ ಕಾಲದ ಊರು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದೆಂದು ಹೇಳುವ ಈ ಪೇಟೆಯ ಬೀದಿಗಳ ಹೆಸರೇ ಅವುಗಳ ಕಸುಬನ್ನು ಹೇಳುತ್ತವೆ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಒಂದೇ ಗೋಡೆಗೆ ಎರಡು ಮನೆಯ ತೊಲೆ, ಒಂದೇ ಓಣಿಗೆ ನಾಲ್ಕು ಮನೆಯ ಬಚ್ಚಲ ನೀರು. ಇಲ್ಲಿ ಒಬ್ಬ ಗೋಡೆ ಕೆಡವಿದರೆ ಪಕ್ಕದವನ ಸೂರು ಕೂರುತ್ತದೆ.

ಇಡೀ ಊರನ್ನೇ ಮಾರಿದಾಗ ಮಾತ್ರ ನೆರೆಹೊರೆಯನ್ನು ಯಾರೂ ಕೇಳಲಿಲ್ಲ ಎನ್ನಿ. 1687ರಲ್ಲಿ ಬೆಂಗಳೂರನ್ನು ಹಿಡಿದ ಮೊಗಲ್ ಸೇನಾನಿ ಕಾಸಿಂ ಖಾನ್ ಮುಂದೆ ಅದನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ವಹಿಸಿಕೊಟ್ಟ. ರಾಜರು ಬದಲಾದರೂ ಪೇಟೆಯ ಒಳಗಿನ ನೆರೆ ಬದಲಾಗಲಿಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಕಾಟನ್‌ಪೇಟೆಯ ಹಜ್ರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುವ ಪದ್ಧತಿ ಇಂದಿಗೂ ನಡೆದಿದೆ. ಅದನ್ನು ಯಾವ ಕ್ರಯಪತ್ರವೂ ಬರೆದುಕೊಟ್ಟಿಲ್ಲ.

1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಪೇಟೆಯನ್ನೂ ಕೋಟೆಯನ್ನೂ ಹಿಡಿಯಿತು. ಅದೇ ವರ್ಷ ಲಂಡನ್ನಿನಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಮಾಡಿದ ಹಿದಾಯಾದ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಅಲ್ಲಿಂದ ಶುಫಾ ಕಾಜಿಯ ಕೈಯಿಂದ ಕಂಪನಿಯ ನ್ಯಾಯಾಧೀಶರ ಕೈಗೆ ಬಂತು. ಅವರಿಗೆ ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. 1869ರಲ್ಲಿ ಕಲ್ಕತ್ತಾ ಹೈಕೋರ್ಟು, ಕೊಳ್ಳುವವನು ಹಿಂದೂ ಆದರೆ ಶುಫಾ ಅವನನ್ನು ಕಟ್ಟಿಹಾಕದು ಎಂದಿತು. 1870ರಲ್ಲಿ ಮದ್ರಾಸ್ ಹೈಕೋರ್ಟು ಇನ್ನೂ ಮುಂದೆ ಹೋಯಿತು. ತನ್ನ ಇಷ್ಟದಂತೆ ಆಸ್ತಿ ಮಾರುವ ಸ್ವಾತಂತ್ರ್ಯಕ್ಕೆ ಇದು ಅಡ್ಡಿ, ಆದ್ದರಿಂದ ನ್ಯಾಯಕ್ಕೂ ಸದ್ವಿವೇಕಕ್ಕೂ ವಿರುದ್ಧ ಎಂದು ತಳ್ಳಿಹಾಕಿತು. ರೂಢಿಯ ಬಲದಿಂದ ಮಲಬಾರಿನಲ್ಲಿ ಮಾತ್ರ ಅದು ಉಳಿಯಿತು. 1885ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ಸರ್ ಸಯ್ಯದರ ಮಗ ನ್ಯಾಯಮೂರ್ತಿ ಸಯ್ಯದ್ ಮಹಮೂದರು ಇದಕ್ಕೆ ವಿರುದ್ಧವಾದ ದೀರ್ಘ ತೀರ್ಪು ಬರೆದರು. ಕೊಳ್ಳುವವನು ಯಾವ ಧರ್ಮದವನಾದರೂ ಹಕ್ಕು ನಿಲ್ಲುತ್ತದೆ ಎಂಬುದು ಅದರ ಸಾರ. ಒಂದೇ ದೇಶದ ಮೂರು ಕೋರ್ಟುಗಳಲ್ಲಿ ನೆರೆಯವನಿಗೆ ಮೂರು ಬಗೆಯ ಮರ್ಯಾದೆ.

ಸ್ವಾತಂತ್ರ್ಯ ಬಂದ ಮೇಲೂ ಈ ಪ್ರಶ್ನೆ ಉಳಿದಿತ್ತು. 1954ರಲ್ಲಿ ಬನಾರಸಿನ ಒಂದು ಮನೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂತು. ವಾದಿ, ಪ್ರತಿವಾದಿ ಇಬ್ಬರೂ ಹಿಂದೂಗಳು. ಆ ನಗರದ ಹಿಂದೂಗಳಲ್ಲೂ ಶುಫಾ ರೂಢಿಯಾಗಿತ್ತು. ಈ ಹಕ್ಕು ವ್ಯಕ್ತಿಗಲ್ಲ, ನೆಲಕ್ಕೆ ಅಂಟಿಕೊಂಡದ್ದು ಎಂದು ನ್ಯಾಯಾಲಯ ವಿವರಿಸಿತು. ಆದರೆ 1962ರಲ್ಲಿ ‘ಭಾವು ರಾಮ್’ ಮೊಕದ್ದಮೆಯಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಬೇರೆ ನಿರ್ಣಯಕ್ಕೆ ಬಂತು. ಬರೀ ಗೋಡೆ ತಾಗಿಕೊಂಡಿದೆ ಎಂಬ ಕಾರಣಕ್ಕೆ ಮಾರಾಟವನ್ನು ತಡೆಯುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. 1964ರಲ್ಲಿ ‘ಸಂತ್ ರಾಮ್’ ಮೊಕದ್ದಮೆಯಲ್ಲಿ ರೂಢಿಯ ಶುಫಾಕ್ಕೂ ಇದೇ ಗತಿಯಾಯಿತು. ಪಾಲುದಾರನ ಹಕ್ಕನ್ನೂ, ಒಂದೇ ಮೆಟ್ಟಿಲು, ಒಂದೇ ಬಾಗಿಲನ್ನು ಹಂಚಿಕೊಂಡವರ ಹಕ್ಕನ್ನೂ 1962ರ ತೀರ್ಪು ಎತ್ತಿಹಿಡಿಯಿತು. ನೆರೆಯವನು ಮಾತ್ರ ಹೊರಗಾದ.

ತೀರ್ಪಿನ ಕಾರಣವನ್ನು ನಾವು ಗಮನಿಸಬೇಕು. ಹಿಂದೆ ಸಮಾಜ ಧರ್ಮ, ಜಾತಿ, ಕುಲಗಳ ಗುಂಪಾಗಿ ಬದುಕುತ್ತಿತ್ತು. ಬೇರೆಯವರು ತಮ್ಮ ಕೇರಿಗೆ ಬಾರದಂತೆ ನೋಡಿಕೊಳ್ಳಲು ಈ ಹಕ್ಕು ಬಳಕೆಯಾಗುತ್ತಿತ್ತು. ಧರ್ಮ ಜಾತಿಗಳ ಭೇದವನ್ನು ನಿಷೇಧಿಸಿದ ಸಂವಿಧಾನದ ಕೆಳಗೆ ಅದಕ್ಕೆ ಜಾಗವಿಲ್ಲ ಎಂಬುದು ನ್ಯಾಯಮೂರ್ತಿಗಳ ಮಾತಿನ ಒಂದು ಮುಖ್ಯ ಎಳೆ. ನಮಗೆ ಇದು ಸರಿಯೆನಿಸುತ್ತದೆ. ಗೋಡೆಯ ಹಕ್ಕಾಗಿ ಹುಟ್ಟಿದ್ದು ಗುಂಪಿನ ಹಕ್ಕಾಗಿ ಬದಲಾಗಿದ್ದರೆ, ಶತಮಾನಗಳಿಂದ ಊರ ಹೊರಗಿಟ್ಟ ಜನಕ್ಕೆ ಊರ ಒಳಗೆ ಮನೆ ಸಿಗುವುದು ಹೇಗೆ? ಶುಫಾಕ್ಕೆ ಇನ್ನೊಂದು ಕೊರತೆಯೂ ಇತ್ತು. ಅದು ಮಾಲೀಕನಿಗೆ ಮಾತ್ರ. ಐವತ್ತು ವರ್ಷ ಅದೇ ವಠಾರದಲ್ಲಿ ಬಾಡಿಗೆಗಿದ್ದ ಮುದುಕಿಯನ್ನು ಅದು ನೆರೆಯವಳೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳನ್ನು ಸ್ವಲ್ಪಮಟ್ಟಿಗೆ ಕಾಪಾಡಿದ್ದು ನಮ್ಮ ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾಯ್ದೆ.

ಆದರೆ ಕಾನೂನಿನಿಂದ ನೆರೆಯವನು ಹೊರಗೆ ಹೋದ ಮೇಲೆ, ನೆರೆಯವನು ಯಾರಾಗಬೇಕು ಎಂಬ ಪ್ರಶ್ನೆಯೂ ಹೊರಗೆ ಹೋಯಿತೆ? ಇಲ್ಲ. ಗುಜರಾತಿನಲ್ಲಿ 1986ರಲ್ಲಿ ಮೊದಲು ಬಂದು, 1991ರಲ್ಲಿ ಮತ್ತೆ ರೂಪ ಪಡೆದ ‘ಪ್ರಕ್ಷುಬ್ಧ ಪ್ರದೇಶಗಳ ಕಾಯ್ದೆ’ ಇದೆ. ಗಲಭೆಯ ಭಯಕ್ಕೆ ಸಿಕ್ಕ ಬೆಲೆಗೆ ಮನೆ ಮಾರಿ ಓಡುವುದನ್ನು ತಪ್ಪಿಸುವುದು ಅದರ ಉದ್ದೇಶ. ಅಧಿಸೂಚಿತ ಪ್ರದೇಶದಲ್ಲಿ ಕಲೆಕ್ಟರರ ಅನುಮತಿಯಿಲ್ಲದೆ ಮನೆ ಕೈಬದಲಾಗುವಂತಿಲ್ಲ. ಮುಂದೆ ಇದೇ ಕಾಯ್ದೆ ಹಿಂದೂ ಮುಸ್ಲಿಮರು ಒಂದೇ ಬೀದಿಯಲ್ಲಿ ಮನೆ ಕೊಳ್ಳದಂತೆ ತಡೆಯುವ ಬೇಲಿಯಾಗಿದೆ ಎಂಬ ದೂರು ಬಹಳ ವರ್ಷಗಳಿಂದ ಕೇಳಿಬರುತ್ತಿದೆ. 2005ರಲ್ಲಿ ಅಹಮದಾಬಾದಿನ ಒಂದು ಪಾರ್ಸಿ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೆ ಮಾತ್ರ ಮೀಸಲಿಡುವ ಉಪವಿಧಿಯನ್ನು ಸುಪ್ರೀಂ ಕೋರ್ಟು ಒಪ್ಪಿತು. ಒಬ್ಬ ನೆರೆಯವನು ಪೂರ್ತಿ ಬೆಲೆ ಕೊಟ್ಟು ತಾನೇ ಕೊಳ್ಳುತ್ತೇನೆ ಎಂದರೆ ಸಂವಿಧಾನಕ್ಕೆ ವಿರುದ್ಧ. ನೂರು ನೆರೆಯವರು ಸಂಘ ಕಟ್ಟಿಕೊಂಡು ಕಾಸೂ ಬಿಚ್ಚದೆ ಹೊರಗಿನವನನ್ನು ತಡೆದರೆ ಕಾನೂನುಬದ್ಧ. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಸಾಮಾನ್ಯ ಮನುಷ್ಯನಿಗೆ ತಲೆ ತಿರುಗುತ್ತದೆ.

ಸಂಘವಿಲ್ಲದ ಕಡೆ ಬ್ರೋಕರು ಇದ್ದಾನೆ. ನಾವೂ ಬಾಡಿಗೆ ಮನೆಗೆ ಅಲೆದವರೇ. ಹೆಸರು ಹೇಳುವ ತನಕ ಮನೆ ಖಾಲಿ, ಹೇಳಿದ ಮೇಲೆ ಮಾಲೀಕರ ತಂಗಿಯ ಮಗ ಅದೇ ವಾರ ಊರಿನಿಂದ ಬರುವವನಿರುತ್ತಾನೆ. ಎಷ್ಟು ಮಂದಿ ಮಾಲೀಕರಿಗೆ ಎಷ್ಟು ಮಂದಿ ಸೋದರಳಿಯರು! ಇದು ನಮ್ಮೊಬ್ಬರ ಅಳಲಲ್ಲ. 2006ರ ಸಾಚಾರ್ ಸಮಿತಿ ವರದಿಯೂ ಮುಸ್ಲಿಮರಿಗೆ ಮನೆ ಕೊಳ್ಳುವುದೂ ಬಾಡಿಗೆಗೆ ಪಡೆಯುವುದೂ ಕಷ್ಟವಾಗಿದೆ, ಅದರಿಂದ ಅವರು ತಮ್ಮವರ ಮೊಹಲ್ಲಾಗಳಲ್ಲೇ ಒತ್ತಾಗುತ್ತಿದ್ದಾರೆ ಎಂದು ದಾಖಲಿಸಿತು. ಹೆಸರು ಕೇಳಿ ಬಾಗಿಲು ಹಾಕುವ ಅನುಭವ ದಲಿತರಿಗೆ ನಮಗಿಂತ ಹಳೆಯದು. ಇನ್ನು ನಮ್ಮವರೂ ಈ ವಿಷಯದಲ್ಲಿ ಪೂರ್ತಿ ಶುದ್ಧರಲ್ಲ. ಮೊಹಲ್ಲಾದ ಮನೆಯನ್ನು ‘ಹೊರಗಿನವರಿಗೆ’ ಕೊಡಬೇಡಿ ಎಂದು ಪಂಚಾಯಿತಿ ಮಾಡುವ ಹಿರಿಯರನ್ನು ನಾವು ಕಂಡಿದ್ದೇವೆ. ಅವರಿಗೆ ಭಯವಿರಬಹುದು, ಭಯಕ್ಕೆ ಕಾರಣವೂ ಇರಬಹುದು. ಆದರೆ ಅದಕ್ಕೆ ದೀನಿನ ಹೆಸರು ಹೇಳಬಾರದು. ಹಿದಾಯಾ ಓದಿದವರು ಹಾಗೆ ಹೇಳಲಾರರು.

ಹೀಗೆ ಒತ್ತಾದ ಮೊಹಲ್ಲಾದಲ್ಲಿ ಮನೆಯ ಗತಿ ಏನಾಗುತ್ತದೆ ನೋಡಿ. ಇಪ್ಪತ್ತು ಮೂವತ್ತರ ನಿವೇಶನ, ಅಂದರೆ 600 ಚದರಡಿ. ತಂದೆ ತೀರಿಕೊಂಡರು, ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಉಳಿದರು. ಶರೀಅತ್ತಿನ ಲೆಕ್ಕದಲ್ಲಿ ತಾಯಿಗೆ ಎಂಟರಲ್ಲಿ ಒಂದು, 75 ಚದರಡಿ. ಉಳಿದದ್ದರಲ್ಲಿ ಗಂಡುಮಕ್ಕಳಿಗೆ ತಲಾ 175, ಹೆಣ್ಣುಮಕ್ಕಳಿಗೆ ತಲಾ ಎಂಬತ್ತೇಳೂವರೆ. ಎಂಬತ್ತೇಳೂವರೆ ಚದರಡಿಯಲ್ಲಿ ಒಂದು ಮಂಚ, ಒಂದು ಬೀರು ಹಿಡಿಸೀತು. ಎಷ್ಟೋ ಮನೆಗಳಲ್ಲಿ ತಂಗಿಯ ಆ ಪಾಲನ್ನು ಬಾಯಿಮಾತಿನಲ್ಲೇ ಮಾಫಿ ಮಾಡಿಸಿಕೊಳ್ಳುತ್ತಾರೆ. ಕೊಡುವ ಮನೆಗಳಲ್ಲಿ ಕೊಡಲು ಹಣವಿರುವುದಿಲ್ಲ. ಅಷ್ಟರಲ್ಲಿ ಸಾಲದಲ್ಲಿರುವ ಒಬ್ಬ ಮಗ ತನ್ನ 175 ಚದರಡಿಯನ್ನು ಯಾರಿಗೋ ಬರೆದುಕೊಡುತ್ತಾನೆ. ಕೊಂಡವನಿಗೆ ಬೇಕಿರುವುದು ಆ ಕೋಣೆಯಲ್ಲ, ಇಡೀ ಮನೆ. ಅವನು ವಿಭಾಗಕ್ಕೆ ದಾವೆ ಹೂಡುತ್ತಾನೆ. ಉಳಿದವರು ಬೇಸತ್ತು ಅವನು ಹೇಳಿದ ಬೆಲೆಗೆ ಸಹಿ ಹಾಕುತ್ತಾರೆ. ಹಳೆಯ ಮನೆಗಳು ಹೀಗೆ ಒಂದೊಂದು ಪಾಲಾಗಿ ಕರಗಿಹೋಗುವುದನ್ನು ಪೇಟೆಯಲ್ಲೂ ಶಿವಾಜಿನಗರದಲ್ಲೂ ಇರುವವರು ನೋಡುತ್ತಲೇ ಇದ್ದಾರೆ.

ಇಲ್ಲಿ ಕಾನೂನು ಪೂರ್ತಿ ಕೈಬಿಟ್ಟಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1893ರ ವಿಭಜನಾ ಕಾಯ್ದೆಯ 4ನೇ ಕಲಮಿನ ಪ್ರಕಾರ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬನ ಪಾಲನ್ನು ಕೊಂಡ ಹೊರಗಿನವನು ವಿಭಾಗಕ್ಕೆ ದಾವೆ ಹೂಡಿದರೆ, ಕುಟುಂಬದ ಪಾಲುದಾರರು ಆ ಪಾಲನ್ನು ತಾವೇ ಕೊಳ್ಳುತ್ತೇವೆಂದು ಕೋರ್ಟಿಗೆ ಹೇಳಬಹುದು. ಕೋರ್ಟು ಬೆಲೆ ಕಟ್ಟಿಸಿ ಅವರಿಗೆ ಮಾರುವಂತೆ ಆದೇಶಿಸುತ್ತದೆ. ಅವಿಭಕ್ತ ಕುಟುಂಬ ಎಂದ ಕೂಡಲೇ ಇದು ಹಿಂದೂಗಳಿಗೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಒಂದೇ ಮನೆಯನ್ನು ಇನ್ನೂ ಪಾಲು ಮಾಡಿಕೊಳ್ಳದ ಮುಸ್ಲಿಮ್ ಕುಟುಂಬಕ್ಕೂ ನ್ಯಾಯಾಲಯಗಳು ಇದನ್ನು ಅನ್ವಯಿಸಿವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮೂ ವಾರಸುದಾರರಿಗೆ ಇಂಥದೇ ಆದ್ಯತೆ ಕೊಡುತ್ತದೆ. ಕೌಟಿಲ್ಯನ ದಾಯಾದಿಯೂ ಹಿದಾಯಾದ ಮೊದಲ ದರ್ಜೆಯವನೂ ಈ ಕಲಮುಗಳಲ್ಲಿ ಇನ್ನೂ ಬದುಕಿದ್ದಾರೆ. ಆದರೆ ಕೊಳ್ಳಲು ಕೈಯಲ್ಲಿ ಹಣ ಬೇಕು. ಮೊಹಲ್ಲಾದ ಜಮಾತುಗಳು, ಸಹಕಾರ ಸಂಘಗಳು ಮದುವೆಗೆ ನೆರವಾಗುವಂತೆ ಒಬ್ಬ ತಂಗಿಯ ಪಾಲನ್ನು ಅಣ್ಣ ನ್ಯಾಯವಾದ ಬೆಲೆಗೆ ಕೊಳ್ಳಲು ಬಡ್ಡಿಯಿಲ್ಲದ ಸಾಲ ಕೊಡುವ ಯೋಚನೆ ಮಾಡಿದರೆ, ಹಲವು ಮನೆಗಳು ಉಳಿದಾವು. ತಂಗಿಯರ ಹಕ್ಕೂ ಕಾಗದದಿಂದ ಕೈಗೆ ಬಂದೀತು.

ಇನ್ನು ಮೂರನೆಯ ದರ್ಜೆಯವನು, ಗೋಡೆಯ ಆಚೆಯವನು. ಅವನಿಗೆ ಕೋರ್ಟಿನ ದಾರಿ ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ. ಆದರೆ ಹಕ್ಕು ಹೋದ ಮೇಲೂ ಕರ್ತವ್ಯ ಉಳಿಯುತ್ತದೆ. ಪಾಲುದಾರನಿಗೆ ತಿಳಿಸದೆ ಮಾರಬಾರದು ಎಂಬ ಪ್ರವಾದಿವಚನದ ಹಿಂದೆ ಇರುವುದು ಕೋರ್ಟಲ್ಲ, ಮರ್ಯಾದೆ. ಮಾರುವ ಮೊದಲು ಪಕ್ಕದ ಬಾಗಿಲು ತಟ್ಟಿ, ‘ಅಕ್ಕಾ, ಮನೆ ಕೊಡುತ್ತಿದ್ದೇವೆ, ನಿಮಗೆ ಬೇಕೇ?’ ಎಂದು ಕೇಳುವುದಕ್ಕೆ ಯಾವ ಸ್ಟಾಂಪು ಕಾಗದವೂ ಬೇಡ. ಅವರು ಬೇಡವೆಂದ ಮೇಲೆ, ಬಂದು ಕೊಳ್ಳುವವನ ಹೆಸರೇನು, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳುವ ಅಧಿಕಾರ ಮಾರುವವರಿಗೂ ಇಲ್ಲ, ನೆರೆಯವರಿಗೂ ಇಲ್ಲ. ಅವನು ನಮ್ಮ ಗೋಡೆಯನ್ನು ಬೀಳಿಸದೆ, ಓಣಿಯ ನೀರನ್ನು ಕಟ್ಟದೆ ಇದ್ದರೆ ಸಾಕು. ಮುಂದಿನ ಸಲ ಯಾರಾದರೂ ಮನೆ ಮಾರಿದಾಗ ಚೆಕ್ಕುಬಂದಿಯಲ್ಲಿ ಅವನ ಹೆಸರನ್ನೂ ಬರೆಯುತ್ತಾರೆ.